‘ಹೋಯ್ತು’ ಎಂಬ ಒಂದು ಮಾತು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಜನರೇಟರ್ ಪರೀಕ್ಷೆ. ಕರೆಂಟಣ್ಣ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದ. ಬ್ಯಾಟರಿಯ ತಂತಿಗಳನ್ನು ಒಂದೊಂದಾಗಿ ಅಲುಗಿಸಿದ. ಗೋಡೆಯ ಫೋನೆತ್ತಿ ಮೇಲಿನ ಮಹಡಿಗೆ, "ಕರೆಂಟು ತೆಗೀತಿದ್ದೀನಿ ಸಿಸ್ಟರ್," ಎಂದು ಹೇಳಿ ದೊಡ್ಡ ಸ್ವಿಚ್ಚನ್ನು ಕೆಳಕ್ಕೆಳೆದ. ದೀಪಗಳು ಆರಿದವು. ಪಕ್ಕದ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಉಸಿರು ಬಿಟ್ಟು ನಿಂತವು. ಅಲ್ಲಿ ಕೆಲಸ ಮಾಡುವ ಹೆಂಗಸಿಗೆ ಪ್ರತಿ ಸೋಮವಾರ ಇದು ಇದ್ದದ್ದೇ ಎಂದು ಗೊತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಹೋಯ್ತು!"

ಅಷ್ಟರಲ್ಲಿ ಕರೆಂಟಣ್ಣನ ಬೆರಳು ಗುಂಡಿಯ ಮೇಲಿತ್ತು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ದೀಪ ಬಂತು. ಆರು ಸೆಕೆಂಡು.

ಅದನ್ನು ಪುಸ್ತಕದಲ್ಲಿ ಬರೆಯುವಾಗ ಆರರ ಬದಲು ಒಂಬತ್ತು ಎಂದು ಬರೆದು, ಹೊಡೆದುಹಾಕಿ ತಿದ್ದಿದ. ಹತ್ತೊಂಬತ್ತು ವರ್ಷಗಳಲ್ಲಿ ಹಾಗೆ ತಿದ್ದಿದ್ದಿಲ್ಲ. ಅವನ ತಲೆ ತಿನ್ನುತ್ತಿದ್ದದ್ದು ಎದುರಿಗಿದ್ದ ಈ ಎಂಜಿನ್ ಅಲ್ಲ, ಶನಿವಾರ ಎರಡು ಸಾವಿರ ಅಡಿ ಎತ್ತರದಲ್ಲಿ ಸುಮ್ಮನಾದ ಇನ್ನೊಂದು.

ಅವನಿಗೆ ನಲವತ್ನಾಲ್ಕು ವರ್ಷ. ಕರೆಂಟಣ್ಣ ಎಂಬುದು ನರ್ಸುಗಳು ಇಟ್ಟ ಹೆಸರು. ಈಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಕಾಣಸಿಗುವುದಿಲ್ಲ. ಅವನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಕರೆಂಟು ಹೋದರೆ ಹತ್ತು ಸೆಕೆಂಡಿನೊಳಗೆ ಬೆಳಕು ಬರಬೇಕು. ಪರೀಕ್ಷೆಯ ದಿನ ಬಿಟ್ಟರೆ ಜನರೇಟರ್ ತಾನಾಗಿಯೇ ಶುರುವಾಗುತ್ತದೆ. ಆಗದ ದಿನಕ್ಕೆಂದು ಅವನಿದ್ದಾನೆ. ಅಂಥ ದಿನಗಳು ಇದುವರೆಗೆ ಹನ್ನೊಂದು ಬಂದಿವೆ. ಒಮ್ಮೆಯೂ ಅವನು ಒಂಬತ್ತು ಸೆಕೆಂಡು ದಾಟಿಲ್ಲ. ನಿಂತ ಎಂಜಿನ್ನಿನ ಮುಂದೆ ಅವನು ಕೈಕಟ್ಟಿ ನಿಂತವನಲ್ಲ. ‘ಹೋಯ್ತು’ ಎಂಬ ಮಾತು ಕಿವಿಗೆ ಬೀಳುವುದೇ ತಡ, ಕೈ ತನ್ನ ಪಾಡಿಗೆ ತಾನು ಹೊರಡುತ್ತದೆ: ಇಂಧನದ ಕೀಲಿ, ಬ್ಯಾಟರಿ, ಗುಂಡಿ. ಯೋಚನೆ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ವಿಮಾನ ಕಲಿಯಲು ಹೋದದ್ದೂ ಜನರೇಟರ್ ನೆಪದಲ್ಲೇ. ಊರ ಹೊರಗಿನ ಹಾರಾಟದ ಕ್ಲಬ್ಬಿನಲ್ಲಿ ಓಡುದಾರಿಯ ದೀಪಗಳಿಗೆ ಒಂದು ಹಳೇ ಜನರೇಟರ್ ಇತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅದನ್ನು ರಿಪೇರಿ ಮಾಡಿಕೊಟ್ಟಾಗ, ಕ್ಲಬ್ಬಿನವರು ಖುಷಿಗೆಂದು ಅವನನ್ನು ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡು ಇಪ್ಪತ್ತು ನಿಮಿಷ ಸುತ್ತಾಡಿಸಿದರು. ಎಲ್ಲರೂ ಗುಬ್ಬಿ ಎಂದು ಕರೆಯುವ ವಿಮಾನ ಅದು. ಹದಿನೇಳು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವನಿಗೆ ಅಷ್ಟೊಂದು ಬೆಳಕನ್ನು ಒಮ್ಮೆಲೇ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂದಿನಿಂದ ಕ್ಲಬ್ಬಿನ ಪಂಪು, ಬ್ಯಾಟರಿ, ಜನರೇಟರ್ ಎಲ್ಲವನ್ನೂ ಅವನು ನೋಡಿಕೊಳ್ಳುತ್ತಾನೆ. ಬದಲಿಗೆ ಅವರು ಹಾರಾಟ ಕಲಿಸುತ್ತಾರೆ. ಅವನಿಗೆ ಬೇಕಾದದ್ದು ಒಂದೇ: ಒಂದು ಸಲ, ಪಕ್ಕದ ಸೀಟು ಖಾಲಿಯಿದ್ದು, ಒಬ್ಬನೇ ಹಾರಿ ಇಳಿಯಬೇಕು. ಅದನ್ನು ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಕಲಿಸುವಾಕೆಗೆ ಮೂವತ್ತೆರಡು. ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನವನ್ನು ಆರು ವರ್ಷ ಓಡಿಸಿ ಬಂದವಳು. ನೆಲದ ಮೇಲಿದ್ದಾಗ ಅವನನ್ನು "ಅಣ್ಣಾ" ಎನ್ನುತ್ತಾಳೆ. ವಿಮಾನದ ಬಾಗಿಲು ಹಾಕಿದ ಮೇಲೆ ಆ ನಂಟು ಹೊರಗೇ ಉಳಿಯುತ್ತದೆ. ಅವನು ಮಾತ್ರ ಎರಡೂ ಕಡೆ "ಮೇಡಂ" ಎಂದೇ ಕರೆಯುತ್ತಾನೆ.

ಏರುವುದು, ತಿರುಗುವುದು, ಇಳಿಯುವುದು ಅವನಿಗೆ ಚೆನ್ನಾಗಿ ಬಂತು. ಎಂಜಿನ್ ನಿಲ್ಲುವ ಪಾಠದಲ್ಲಿ ಸಿಕ್ಕಿಬಿದ್ದ. ಪಾಠ ಸರಳ. ಮೇಲೆ ಹೋದ ಮೇಲೆ ಆಕೆ ಎಂಜಿನ್ನಿನ ಬಲ ಏರಿಸಿ ಇಳಿಸುವ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು, "ಎಂಜಿನ್ ಹೋಯ್ತು," ಎನ್ನುತ್ತಾಳೆ. ಎಂಜಿನ್ ನಿಜವಾಗಿ ನಿಲ್ಲುವುದಿಲ್ಲ, ಬಲ ಕಳೆದುಕೊಂಡು ಸುಮ್ಮನೆ ಗುನುಗುತ್ತಿರುತ್ತದೆ. ನಿಂತೇಹೋಯಿತು ಎಂದುಕೊಂಡು ಅವನು ಮಾಡಬೇಕಾದದ್ದು ಮೂರು ಕೆಲಸ, ಅದೂ ಇದೇ ಕ್ರಮದಲ್ಲಿ. ಮೊದಲು ವಿಮಾನದ ಮೂಗನ್ನು ತಗ್ಗಿಸಿ ವೇಗದ ಮುಳ್ಳನ್ನು ಅರವತ್ತೈದರಲ್ಲಿ ಹಿಡಿಯಬೇಕು. ಎರಡನೆಯದಾಗಿ ಇಳಿಯಲು ಒಂದು ಬಯಲು ಹುಡುಕಬೇಕು. ಇವೆರಡೂ ಆದ ಮೇಲೆ, ಸಮಯವಿದ್ದರೆ, ಎಂಜಿನ್ ಯಾಕೆ ನಿಂತಿತೆಂದು ನೋಡಬೇಕು. ಮೂಗು, ಜಾಗ, ಎಂಜಿನ್. ಕ್ಲಬ್ಬಿನ ಗೋಡೆಯ ಮೇಲೂ ಅದನ್ನೇ ಬರೆದಿದೆ.

ಮೊದಲ ಸಲ ಆಕೆ "ಹೋಯ್ತು" ಎಂದ ಕೂಡಲೇ ಅವನ ಬಲಗೈ ಸೀಟುಗಳ ನಡುವಿನ ಇಂಧನದ ಕೀಲಿಗೆ ಹೋಯಿತು. ಅಲ್ಲಿಂದ ಪಂಪಿನ ಸ್ವಿಚ್ಚಿಗೆ, ಅಲ್ಲಿಂದ ಕಿಡಿಯ ಬೀಗದ ಕೈಗೆ. ಚಕಚಕನೆ, ಒಂದೂ ತಪ್ಪಿಲ್ಲದೆ. ಅವನು ತಲೆ ತಗ್ಗಿಸಿ ಈ ಚಾಕರಿಯಲ್ಲಿದ್ದಾಗ ಎಡಗೈ ಅವನಿಗೇ ತಿಳಿಯದಂತೆ ವಿಮಾನದ ಮೂಗನ್ನು ಏರಿಸಿ ಇಳಿಸುವ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳುತ್ತಿತ್ತು. ಮೂಗು ಮೇಲೆದ್ದು ವೇಗ ಐವತ್ತಕ್ಕಿಳಿಯಿತು. ವಿಮಾನ ಇನ್ನು ಗಾಳಿಯಲ್ಲಿ ನಿಲ್ಲಲಾರೆ ಎನ್ನುವಾಗ ಊದುವ ಪೀಪಿ ಕಿವಿಯ ಹತ್ತಿರವೇ ಕಿರುಚಿತು.

"ನನ್ನ ಕೈಗೆ," ಎಂದು ಹೇಳಿ ಆಕೆ ವಿಮಾನವನ್ನು ತೆಗೆದುಕೊಂಡಳು.

ಮುಂದಿನ ಶನಿವಾರವೂ ಹಾಗೇ ಆಯಿತು. ಪೀಪಿ ಊದಿತು. ಇಳಿದ ಮೇಲೆ ರೆಕ್ಕೆಯ ನೆರಳಲ್ಲಿ ನಿಂತು ಆಕೆ ಗಾಗಲ್ಸ್ ತೆಗೆದಳು.

"ಅಣ್ಣಾ, ನಿಮ್ಮ ಕೈ ತುಂಬಾ ಚುರುಕು. ಅದೇ ತೊಂದರೆ. ಸತ್ತ ಎಂಜಿನ್ನಿಗೆ ಶುಶ್ರೂಷೆ ಮಾಡ್ತಾ ಕೂತ್ರೆ ಬದುಕಿರೋ ನಾವಿಬ್ರು ಏನಾಗ್ಬೇಕು?"

"ಮುಂದಿನ ಸಲ ಆಗಲ್ಲ ಮೇಡಂ."

"ಕಳೆದ ವಾರಾನೂ ಹಾಗೇ ಅಂದ್ರಿ. ನಾನು ಯಾರನ್ನೇ ಆದ್ರೂ ಮೂರು ಸಲ ನೋಡ್ತೀನಿ. ಬರೋ ಶನಿವಾರ ಮೂರನೇದು. ಅವತ್ತೂ ಪೀಪಿ ಊದಿದ್ರೆ ನಿಮ್ಮ ಪುಸ್ತಕದಲ್ಲಿ ‘ಒಬ್ಬರೇ ಹಾರುವುದು ಬೇಡ’ ಅಂತ ಬರೀತೀನಿ. ನನ್ನ ಜೊತೆ ಎಷ್ಟು ಬೇಕಾದ್ರೂ ಹಾರಿ. ಒಬ್ರೇ ಮಾತ್ರ ಬೇಡ."

ಆ ಕ್ಲಬ್ಬಿನಲ್ಲಿ ಕಲಿಸುವವಳು ಆಕೆ ಒಬ್ಬಳೇ. ಆಕೆ ಬರೆದರೆ ಅಲ್ಲಿಗೆ ಮುಗಿಯಿತು.

ಸೋಮವಾರ ಆರನ್ನು ಒಂಬತ್ತು ಎಂದು ಬರೆದದ್ದು ಇದಕ್ಕೆ.

ಮನೆಯಲ್ಲಿ ಅಂದು ಸಂಜೆಯಿಂದ ತಾಲೀಮು ಶುರುವಾಯಿತು. ಅಡುಗೆಮನೆಯ ಕುರ್ಚಿಯನ್ನು ಗೋಡೆಗೆ ಎದುರಾಗಿಟ್ಟ. ಪೊರಕೆಯ ಕೋಲನ್ನು ಮಂಡಿಗಳ ನಡುವೆ ಹಿಡಿದ. ಹದಿನೈದು ವರ್ಷದ ಮಗಳಿಗೆ ಒಂದೇ ಕೆಲಸ: ಅವನು ಏನೇ ಮಾಡುತ್ತಿರಲಿ, ಯಾವ ಹೊತ್ತಾದರೂ ಆಗಲಿ, ಹಿಂದಿನಿಂದ ಬಂದು "ಹೋಯ್ತು!" ಎಂದು ಕೂಗುವುದು. ಕೂಗಿದ ಕೂಡಲೇ ಅವನು ಎರಡೂ ಕೈ ಮುಂದಕ್ಕೆ ತಳ್ಳಿ, "ಮೂಗು," ಎನ್ನಬೇಕು. ಆಮೇಲೆ ಕಿಟಕಿಯಾಚೆ ನೋಡಿ, "ಜಾಗ," ಎನ್ನಬೇಕು. ಬೇರೇನನ್ನೂ ಮುಟ್ಟಬಾರದು.

ಮಗಳಿಗೆ ಇಂಥ ಕೆಲಸ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಅವನು ಗಡ್ಡ ಕೆರೆದುಕೊಳ್ಳುವಾಗ ಕೂಗಿದಳು. ಬೂಟಿನ ದಾರ ಕಟ್ಟುವಾಗ ಕೂಗಿದಳು. ಬಾಯಿಗೆ ತುತ್ತು ಇಡುವ ಹೊತ್ತಿಗೆ ಸರಿಯಾಗಿ ಕೂಗಿದಾಗ ಚಮಚೆ ಮೇಜಿನಾಚೆ ಹಾರಿತು.

"ರೀ, ಮೂಗು ಮೂಗು ಅಂತೀರಲ್ಲ," ಎಂದಳು ಹೆಂಡತಿ, ಚಮಚೆಯನ್ನು ಎತ್ತಿ ತೊಳೆಯಲು ಹಾಕುತ್ತಾ. "ನಿಮ್ಮದನ್ನೂ ಸ್ವಲ್ಪ ಕೆಳಗಿಳಿಸಿ. ನಮ್ಮಣ್ಣ ಮನೆಗೆ ಬಂದಾಗಂತೂ ಆಕಾಶದಲ್ಲೇ ಇರತ್ತೆ."

"ಅಮ್ಮಾ, ಅದಕ್ಕೆ ಬೇರೆ ಪರೀಕ್ಷೆ ಇದೆ," ಎಂದಳು ಮಗಳು.

ಅವನಿಗೆ ನಗು ಬರಲಿಲ್ಲ. ಬುಧವಾರದ ಹೊತ್ತಿಗೆ ಕೈ ಹೇಳಿದ ಮಾತು ಕೇಳತೊಡಗಿತು. ಮಗಳು ಮೆಟ್ಟಿಲ ಮೇಲೆ ಕೂಗಿದಾಗ, ಕೈಯಲ್ಲಿದ್ದ ಚೀಲ ಬಿದ್ದರೂ ಕೈ ಮುಂದಕ್ಕೇ ಹೋಯಿತು. ಹೆಂಡತಿ ಚೀಲದಿಂದ ಉರುಳಿದ ಈರುಳ್ಳಿಗಳನ್ನು ಆರಿಸಿಕೊಂಡು ಒಳಗೆ ಹೋದಳು.

ಗುರುವಾರ ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಇಡೀ ಬೀದಿಯ ಕರೆಂಟು ಹೋಯಿತು. ಪರೀಕ್ಷೆಯಲ್ಲ, ನಿಜ. ತಾನಾಗಿ ಶುರುವಾಗಬೇಕಿದ್ದ ಜನರೇಟರ್ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಹನ್ನೆರಡನೆಯ ದಿನ ಬಂದಿತ್ತು. ಪಕ್ಕದ ಕೋಣೆಯ ಹೆಂಗಸು ಬಾಗಿಲಿಗೆ ಬಂದು ಕೂಗಿದಳು, "ಹೋಯ್ತು!"

ಕರೆಂಟಣ್ಣ ಎದ್ದು ನಿಂತು ಎರಡೂ ಕೈಗಳನ್ನು ಮುಂದಕ್ಕೆ ತಳ್ಳಿದ. ಕಣ್ಣು ಜಾಗ ಹುಡುಕಿತು. ಎದುರಿಗೆ ಗೋಡೆಯಿತ್ತು. ಆಸ್ಪತ್ರೆಯ ನಾಲ್ಕು ಮಹಡಿ ಅವನ ತಲೆಯ ಮೇಲೆ ಕತ್ತಲಲ್ಲಿತ್ತು. ಅವನು ಗೋಡೆಯನ್ನು ನೋಡುತ್ತಾ ವೇಗ ಅರವತ್ತೈದಕ್ಕೆ ಬರಲೆಂದು ಕಾಯುತ್ತಿದ್ದ.

"ಅಣ್ಣಾ!" ಬ್ಯಾಟರಿ ದೀಪದ ಮಂಕು ಬೆಳಕಲ್ಲಿ ಆ ಹೆಂಗಸಿನ ದನಿ ಹೆದರಿತ್ತು. "ಯಾಕಣ್ಣಾ, ಗೋಡೆ ತಳ್ತಿದ್ದೀರಾ?"

ಆಗ ಅವನು ಎಂಜಿನ್ನಿನ ಕಡೆ ತಿರುಗಿದ. ಕೀಲಿ, ಬ್ಯಾಟರಿ, ಗುಂಡಿ. ಎಂಜಿನ್ ಹಿಡಿಯಿತು. ಹದಿಮೂರು ಸೆಕೆಂಡು.

ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿನ ಯಂತ್ರಗಳಿಗೆ ತಮ್ಮದೇ ಬ್ಯಾಟರಿಗಳಿರುತ್ತವೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಹತ್ತು ದಾಟಿದರೆ ಪುಸ್ತಕದಲ್ಲಿ ಕಾರಣ ಬರೆಯಬೇಕೆಂಬ ನಿಯಮವಿದೆ. ಹತ್ತೊಂಬತ್ತು ವರ್ಷ ಖಾಲಿಯಿದ್ದ ಆ ಜಾಗದಲ್ಲಿ ಅವನು ‘ನನ್ನ ತಡ’ ಎಂದು ಬರೆದ. ಸಂಜೆ ಆಸ್ಪತ್ರೆಯ ಎಂಜಿನಿಯರ್ ಅದನ್ನು ಎರಡು ಸಲ ಓದಿದರು.

"ಏನಿದು? ಆಟೋ ಸ್ಟಾರ್ಟ್ ಹಿಡೀಲಿಲ್ಲ ಅಂತ ಬರೀಬಹುದಿತ್ತಲ್ಲ."

"ಅದು ಹಿಡೀದೇ ಇದ್ರೆ ನೋಡ್ಕೊಳ್ಳೋಕೇ ಅಲ್ವಾ ಸಾರ್ ನಾನಿರೋದು?"

"ಆರೋಗ್ಯ ಸರಿ ಇದೆ ತಾನೇ?"

"ಸರಿ ಇದೆ ಸಾರ್."

"ಇನ್ನೊಂದು ಸಲ ಹೀಗಾದ್ರೆ ನಾನು ಮೇಲಿನವರಿಗೆ ಹೇಳ್ಬೇಕಾಗತ್ತೆ. ನೀವೇ ಯೋಚನೆ ಮಾಡಿ," ಎಂದು ಎಂಜಿನಿಯರ್ ಪುಸ್ತಕ ಮುಚ್ಚಿದರು.

ಮನೆಯಲ್ಲಿ ಹೆಂಡತಿಯಿಂದ ವಿಷಯವನ್ನು ಮುಚ್ಚಿಡಲಿಲ್ಲ. ಅವಳು ಕೈ ಒರೆಸಿಕೊಂಡು ಎದುರಿಗೆ ಕೂತಳು.

"ರೀ, ಎರಡರಲ್ಲಿ ಒಂದು ಬಿಡಿ. ಮೇಲೆ ಬಿದ್ರೆ ನೀವೊಬ್ರು. ಇಲ್ಲಿ ತಪ್ಪಿದ್ರೆ ಯಾರ್ಯಾರೋ. ಆ ಹದಿಮೂರು ಸೆಕೆಂಡಲ್ಲಿ ಅಲ್ಲಿ ನಮ್ಮ ಮಗಳಿದ್ದಿದ್ರೆ?"

ಉತ್ತರ ಹುಡುಕಿದ್ದು ಬಾಗಿಲಿಗೊರಗಿ ಕೇಳಿಸಿಕೊಳ್ಳುತ್ತಿದ್ದ ಮಗಳು. ಅವಳ ಮುಖ ಸಣ್ಣದಾಗಿತ್ತು.

"ಅಪ್ಪಾ, ನಾನು ಕೂಗಿದ್ದಕ್ಕಾ?"

"ಇಲ್ಲ ಕಣೆ. ನಿಂದೇನು ತಪ್ಪು?"

"ಅಲ್ಲ ಕೇಳು. ನಾನು ಕೂಗ್ತಿದ್ದದ್ದೂ ‘ಹೋಯ್ತು’. ಬಟ್ಟೆ ಒಗೆಯೋ ಆಂಟಿ ಕೂಗಿದ್ದೂ ‘ಹೋಯ್ತು’. ಮತ್ತೆ ನಿನ್ನ ಮೇಡಂ ಮೇಲೆ ಏನಂತಾರೆ?"

ಅವನು ಮಗಳನ್ನೇ ನೋಡಿದ. ಮೂರು ಕಡೆ ಒಂದೇ ಮಾತು. ಆಕಾಶದಲ್ಲಿ ಅವನ ಕೈ ಎಂಜಿನ್ ನಿಂತದ್ದಕ್ಕೆ ಓಡಿರಲಿಲ್ಲ, ಮಾತಿಗೆ ಓಡಿತ್ತು. ನೆಲಮಾಳಿಗೆಯಲ್ಲಿ ಕಲಿತ ಮಾತು ಮೇಲೆ ಬಂದು ಅವನನ್ನು ಕೆಡಿಸಿತ್ತು. ಮೂರು ದಿನ ತಾಲೀಮು ಮಾಡಿ ಅವನೇ ಅದನ್ನು ತಿರುಗಿಸಿ ನೆಲಮಾಳಿಗೆಗೆ ತಂದು ಬಿಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮೇಡಂಗೆ ಫೋನ್ ಮಾಡಿದ.

"ಮೇಡಂ, ಒಂದು ಕೇಳ್ಬೇಕಿತ್ತು. ನಾಳೆ ಎಂಜಿನ್ ತೆಗೆದಾಗ ‘ಹೋಯ್ತು’ ಅನ್ಬೇಡಿ."

"ಮತ್ತೇನನ್ಲಿ? ‘ಹೋಗಿಬರ್ತೀನಿ’ ಅನ್ಲಾ?"

ಅವನು ಗುರುವಾರದ ಕತೆ ಹೇಳಿದ. ಆಕೆಯ ನಗು ಅರ್ಧಕ್ಕೇ ನಿಂತಿತು.

"ನೋಡಿ ಅಣ್ಣಾ. ಹೊಲದ ಮೇಲೆ ನನಗೆ ಎರಡು ಸಲ ಎಂಜಿನ್ ನಿಂತಿದೆ. ಎರಡು ಸಲಾನೂ ‘ಹೋಯ್ತು’ ಅಂತ ಯಾರೂ ಕೂಗ್ಲಿಲ್ಲ. ಮೂರು ಸಲ ನೋಡ್ತೀನಿ ಅಂದೆನಲ್ಲ, ಅದ್ರಲ್ಲಿ ಆಗಿಹೋದ ಎರಡು ಸಲ ನಾನೇ ತಪ್ಪು ಪರೀಕ್ಷೆ ಕೊಟ್ಟಿದ್ದೀನೇನೋ. ಆಯ್ತು, ನಾಳೆ ಏನೂ ಹೇಳಲ್ಲ. ಆದ್ರೆ ಯಾವಾಗ ತೆಗೀತೀನಿ ಅಂತಾನೂ ಹೇಳಲ್ಲ. ಕೈ ಕಾಣದ ಹಾಗೆ ನಕ್ಷೆ ಅಡ್ಡ ಹಿಡೀತೀನಿ."

ಮಾತಿದ್ದಾಗ ಕನಿಷ್ಠ ಕಾಯುವುದಕ್ಕೆ ಒಂದು ಮಾತಿತ್ತು. ಈಗ ಅದೂ ಇಲ್ಲ. ಮಗಳಿಗೆ, "ಇನ್ನು ಕೂಗಬೇಡ," ಎಂದ. ಅವಳು ಆಗಲೇ ಪೊರಕೆಯನ್ನು ಮೂಲೆಗಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಗುಬ್ಬಿ ನೆಲ ಬಿಟ್ಟಿತು. ಗಾಳಿ ತಿಳಿಯಾಗಿತ್ತು. ಕರೆಂಟಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಂಜಿನ್ನಿನ ಸದ್ದಿಗೆ ಅವನು ಇಡೀ ಮೈಯನ್ನೇ ಕಿವಿಯಾಗಿಸಿಕೊಂಡು ಕೂತಿದ್ದ. ಸಾವಿರ ಅಡಿ. ಏನೂ ಆಗಲಿಲ್ಲ. ಎರಡು ಸಾವಿರ. ಆಕೆ ನಕ್ಷೆ ಬಿಡಿಸಿದಳು. ಆಕೆ ನಕ್ಷೆ ಮಡಚಿದಳು. ಎಡಕ್ಕೆ ತಿರುಗಲು ಹೇಳಿದಳು, ಬಲಕ್ಕೆ ತಿರುಗಲು ಹೇಳಿದಳು. ನಕ್ಷೆ ಮತ್ತೆ ಬಿಡಿಸಿಕೊಂಡಿತು. ಹೀಗೆ ಇಪ್ಪತ್ತೈದು ನಿಮಿಷ. ಅವನಿಗೆ ಒಂದು ಹಂತದಲ್ಲಿ, ಈಗಲೇ ಆಗಿಬಿಡಲಿ ಎನ್ನಿಸಿತು.

"ರೇಡಿಯೋದಲ್ಲಿ ನಾವೆಲ್ಲಿದ್ದೀವಿ ಅಂತ ಹೇಳಿ," ಎಂದಳು ಆಕೆ.

ಎತ್ತರ ಎರಡೂವರೆ ಸಾವಿರ. ಅವನು ಗುಂಡಿ ಒತ್ತಿ ಕ್ಲಬ್ಬಿನ ಕೋಣೆಗೆ ಹೇಳತೊಡಗಿದ. ಎರಡನೇ ವಾಕ್ಯದ ನಡುವೆ ಸದ್ದು ಇಳಿಯಿತು.

ಅವನ ಮಾತು ಅಲ್ಲೇ ತುಂಡಾಯಿತು. ಎಡಗೈ ಹಿಡಿಕೆಯನ್ನು ಮುಂದಕ್ಕೆ ಒತ್ತಿತು. ಮೂಗು ತಗ್ಗಿತು. ಎಪ್ಪತ್ತು, ಅರವತ್ತೆಂಟು, ಅರವತ್ತೈದು. ಮುಳ್ಳು ಅಲ್ಲಿ ನಿಂತಿತು. ಬಲಗೈ ಮಂಡಿಯ ಮೇಲೆ ಮುಷ್ಟಿ ಕಟ್ಟಿ ಕೂತಿತ್ತು, ಯಾರೋ ಬೈದು ಕೂರಿಸಿದಂತೆ. ಅವನು ಕೆಳಗೆ ನೋಡಿದ. ಕೊಯ್ಲಾದ ಉದ್ದನೆಯ ಹೊಲ, ಅದರ ಈಚೆ ಅಂಚಿಗೆ ಒಂದು ಕಾಲುವೆ. "ಅದು," ಎಂದ. ಆಮೇಲೆ ಮಾತ್ರ ಕೀಲಿ, ಪಂಪು, ಬೀಗದ ಕೈಗಳನ್ನು ಬೆರಳಿನಿಂದ ತೋರಿಸಿ ಹೇಳಿದ, ಮುಟ್ಟಲಿಲ್ಲ. ಪೀಪಿ ಊದಲಿಲ್ಲ.

ಎರಡು ಸಾವಿರ. ಒಂದೂವರೆ. ಒಂದು. ಹೊಲ ಅಗಲವಾಗುತ್ತಾ ಬಂತು. ಐನೂರಕ್ಕೆ ಬಂದಾಗ ಆಕೆ, "ಸಾಕು. ಮೇಲೆ ಹೋಗೋಣ," ಎಂದಳು.

ಅವನು ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಿದ.

ಎಂಜಿನ್ ಬರಲಿಲ್ಲ.

ಇದು ಪಾಠದಲ್ಲಿರಲಿಲ್ಲ. ಅದು ಅವನಿಗೆ ಆಕೆಯ ಉಸಿರು ನಿಂತದ್ದರಿಂದ ಗೊತ್ತಾಯಿತು. ಆಕೆಯ ಎರಡೂ ಕೈ ಮಡಿಲಿನಿಂದ ಎದ್ದು ಹಿಡಿಕೆಯ ಹತ್ತಿರ ಬಂದವು. ಕೆಳಗೆ ಕಾಲುವೆಯ ನೀರು ಹೊಳೆಯಿತು. ಅವನ ಎಡಗೈ ಕದಲಲಿಲ್ಲ. ಮೂಗು ತಗ್ಗಿಯೇ ಇತ್ತು. ಅರವತ್ತೈದು. ಕಾಲುವೆ ದಾಟಬೇಕು. ದಾಟಿದರೆ ಹೊಲ. ಒಂದು ಸೆಕೆಂಡು, ಎರಡು ಸೆಕೆಂಡು. ಎಂಜಿನ್ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಆಮೇಲೆ ಗರ್ಜಿಸಿ ಹಿಡಿಯಿತು.

ಆಕೆಯ ಕೈ ಮಡಿಲಿಗೆ ಮರಳಿದ್ದು ಸಾವಿರ ಅಡಿ ಏರಿದ ಮೇಲೆ.

ಕ್ಲಬ್ಬಿನ ಕೋಣೆಯ ತಗಡಿನ ಮೇಜಿನ ಎದುರು ಕೂತು ಆಕೆ ಅವನ ಪುಸ್ತಕ ತೆರೆದಳು. ಪೆನ್ನಿನ ಮುಚ್ಚಳ ತೆಗೆದು, ಬರೆಯದೆ ಹಿಡಿದುಕೊಂಡಳು.

"ಎಂಜಿನ್ ಯಾಕೆ ಬರ್ಲಿಲ್ಲ, ಹೇಳಿ. ನೀವೇ ಮೆಕ್ಯಾನಿಕ್."

ಅವನಿಗೆ ಇಳಿಯುವ ಮೊದಲೇ ಹೊಳೆದಿತ್ತು. ತೇಲಿ ಇಳಿಯುವಾಗ ಪ್ರತಿ ಐನೂರು ಅಡಿಗೊಮ್ಮೆ ಥ್ರಾಟಲನ್ನು ತುಸು ತೆರೆದು ಎಂಜಿನ್ನನ್ನು ಬೆಚ್ಚಗಿಡಬೇಕು. ಕ್ಲಬ್ಬಿನಲ್ಲಿ ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಎರಡು ಸಾವಿರ ಅಡಿ ಉದ್ದಕ್ಕೂ ಒಮ್ಮೆಯೂ ಅವನು ಅದನ್ನು ಮಾಡಿರಲಿಲ್ಲ.

"ತಣ್ಣಗಾಗಿತ್ತು ಮೇಡಂ. ನಾನು ಬೆಚ್ಚಗಿಡ್ಲಿಲ್ಲ. ಮುಟ್ಬಾರ್ದು, ಮುಟ್ಬಾರ್ದು ಅಂತಾನೇ ಇದ್ದೆ. ಮುಟ್ಬೇಕಾದ ಕಡೇನೂ ಮುಟ್ಲಿಲ್ಲ."

"ನನಗೆ ಗೊತ್ತಾಗ್ತಿತ್ತು. ನೆನಪಾಗತ್ತಾ ನೋಡೋಣ ಅಂತ ಸುಮ್ಮನಿದ್ದೆ. ಸುಮ್ಮನಿರಬಾರ್ದಿತ್ತು. ಅದು ನನ್ನ ತಪ್ಪು." ಆಕೆ ಕಿಟಕಿಯಾಚೆ ಗುಬ್ಬಿಯ ಕಡೆ ನೋಡಿದಳು. "ಆ ಎರಡು ಸೆಕೆಂಡು ಏನು ಯೋಚಿಸ್ತಿದ್ರಿ?"

"ಕಾಲುವೆ ದಾಟ್ತೀವಾ ಅಂತ."

"ಎಂಜಿನ್ ಬಗ್ಗೆ?"

ಅವನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟ. "ಅದರ ಯೋಚನೆ ಬರ್ಲಿಲ್ಲ."

"ನಿಮ್ಮ ಬಾಯಲ್ಲಿ ಈ ಮಾತು ಬರತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಎಂದಳು ಆಕೆ. ನಗಲಿಲ್ಲ.

ಆಕೆ ಎರಡು ಸಾಲು ಬರೆದಳು. ಅವನು ತಲೆಕೆಳಗಾಗಿದ್ದ ಅಕ್ಷರಗಳನ್ನು ಮೇಜಿನ ಈಚೆಯಿಂದಲೇ ಓದಿಕೊಂಡ. ಮೊದಲನೆಯದು ಕೆಂಪು ಶಾಯಿಯಲ್ಲಿ: ಎಂಜಿನ್ ಬೆಚ್ಚಗಿಡುವುದನ್ನು ಮರೆತರು, ತೇಲುವ ಪಾಠ ಇನ್ನೆರಡು ಸಲ ಆಗಬೇಕು. ಎರಡನೆಯದು ನೀಲಿಯಲ್ಲಿ: ಓಡುದಾರಿಯ ಸುತ್ತ ಒಂದು ಸುತ್ತು ಒಬ್ಬರೇ ಹಾರಬಹುದು. ಕೆಳಗೆ ಆಕೆಯ ಸಹಿ.

ಸಂತೋಷವಾಗಬೇಕಿತ್ತು. ಅವನಿಗೆ ಆಕೆಯ ಆ ಎರಡು ಕೈಗಳು ನೆನಪಾದವು, ಹಿಡಿಕೆಯ ಹತ್ತಿರ ಬಂದು ಕಾದು ನಿಂತಿದ್ದವು. ಮುಂದಿನ ಸಲ ಆ ಸೀಟಿನಲ್ಲಿ ಬಿಗಿದು ಕಟ್ಟಿದ ಬೆಲ್ಟು ಮಾತ್ರ ಇರುತ್ತದೆ.

"ಹೆದರಿಕೆ ಆಗ್ತಿದೆ ಮೇಡಂ," ಎಂದ.

"ಆಗ್ಲಿ. ನಾಳೆ ಒಂದ್ಸಲ, ಮಂಗಳವಾರ ಒಂದ್ಸಲ ಬನ್ನಿ, ಥ್ರಾಟಲ್ ತೆರೆದು ಮುಚ್ಚಿ ಅಭ್ಯಾಸ ಮಾಡೋಣ. ಬುಧವಾರ ನಾನು ಕೆಳಗೆ ನಿಂತಿರ್ತೀನಿ."

ಅಲ್ಲಿಂದಲೇ ಅವನು ಆಸ್ಪತ್ರೆಯ ಎಂಜಿನಿಯರಿಗೆ ಫೋನ್ ಮಾಡಿ, ಗೋಡೆ ತಳ್ಳಿದ್ದರ ಕಾರಣವನ್ನು ಇದ್ದದ್ದು ಇದ್ದಂತೆ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಒಂದು ತಿಂಗಳು ನೆಲಮಾಳಿಗೆಯಲ್ಲಿ ಅವನ ಜೊತೆ ಇನ್ನೊಬ್ಬ ಆಪರೇಟರ್ ಇರುತ್ತಾನೆ ಎಂದರು. ಬುಧವಾರದ ಬೆಳಗಿನ ಪಾಳಿಗೂ ಆ ಇನ್ನೊಬ್ಬನನ್ನೇ ಹಾಕಿದರು.

ಬುಧವಾರ ಬೆಳಿಗ್ಗೆ ಆರೂವರೆಗೆ, ಗಾಳಿ ಏಳುವ ಮೊದಲು, ಅವನು ಒಬ್ಬನೇ ಒಂದು ಸುತ್ತು ಹಾರಬೇಕು. ಒಂದು ಸುತ್ತಿಗೆ ಏಳು ನಿಮಿಷ ಹಿಡಿಯುತ್ತದೆ.